ತುದಿಗಾಲಿನ ರೈಲು

ಗುಡುಗಣ್ಣ ಒಮ್ಮೆ ‘ಸೈಲೆನ್ಸ್’ ಎಂದು ಕೂಗಿದಾಗ, ಶೂಟಿಂಗ್ ಮನೆಯ ಹಿತ್ತಿಲ ಹಿಂದೆ ಹಾದುಹೋಗುತ್ತಿದ್ದ ನೂರೆಂಟು ಡಬ್ಬಿಯ ಗೂಡ್ಸ್ ರೈಲು ಬೆಚ್ಚಿಬಿದ್ದು, ಚಕ್ರಗಳನ್ನು ಒಂದೊಂದಾಗಿ ಎತ್ತಿ ಇಡುತ್ತ, ತುದಿಗಾಲಿನಲ್ಲಿ ದಾಟಿ ಹೋಗಿತ್ತು. ಎಂಜಿನ್ ಡ್ರೈವರ್ ತುಟಿಯ ಮೇಲೆ ಬೆರಳಿಟ್ಟುಕೊಂಡು, ತಪ್ಪಾಯಿತು ಎನ್ನುವಂತೆ ತಲೆ ಬಾಗಿಸಿದ್ದನ್ನು ನೋಡಿದವರಿದ್ದಾರೆ. ಹಾರುತ್ತಿದ್ದ ಕಾಗೆಯೊಂದು ರೆಕ್ಕೆ ಬಡಿಯುವುದನ್ನು ನಿಲ್ಲಿಸಿ, ಟೇಕ್ ಓಕೆ ಆಗುವವರೆಗೂ ಗಾಳಿಯಲ್ಲಿ ಹಾಗೇ ನೇತಾಡಿತ್ತು. ನಂಬದವರು ಆ ಚಿತ್ರವನ್ನೇ ನೋಡಬಹುದು: ನಾಯಕಿ ಸಾಯುವ ದೃಶ್ಯದಲ್ಲಿ ಅವಳ ಕೊನೆಯ ಉಸಿರು ಬಿಟ್ಟರೆ ಬೇರೆ ಪಿಟ್ಟೆಂಬ ಸದ್ದಿಲ್ಲ. ರೈಲಿನ ಸದ್ದು ಇಲ್ಲದಿರುವುದೇ ರೈಲು ಬಂದದ್ದಕ್ಕೆ ಸಾಕ್ಷಿ ಎಂದು ಗುಡುಗಣ್ಣ ವಾದಿಸುತ್ತಿದ್ದ. ಆ ವಾದವನ್ನು ಸೋಲಿಸುವ ವಕೀಲ ಇನ್ನೂ ಹುಟ್ಟಿಲ್ಲ.

ಅಂಥ ಗಂಟಲು ಈಗ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಪ್ರೊಡಕ್ಷನ್ ಆಫೀಸಿನ ಕುಸಿದ ಸೋಫಾದ ಮೇಲೆ, ಉಣ್ಣೆಯ ಮಫ್ಲರ್ ಸುತ್ತಿಕೊಂಡು ಕೂತಿತ್ತು. ಗಂಟಲಿನ ಜೊತೆಗೆ ಗುಡುಗಣ್ಣನೂ ಕೂತಿದ್ದನೆನ್ನಿ, ಆದರೆ ಆ ದಿನಗಳಲ್ಲಿ ಬಂದವರೆಲ್ಲ ಮೊದಲು ವಿಚಾರಿಸುತ್ತಿದ್ದದ್ದು ಗಂಟಲನ್ನೇ. ಡಾಕ್ಟರು ಬಾಯೊಳಗೆ ದೀಪ ಬಿಟ್ಟು ನೋಡಿ, “ಏನ್ರೀ ಇದು, ಸವೆದ ಚಪ್ಪಲಿ ಇದ್ದಂಗಿದೆ” ಅಂದಿದ್ದರು. ಇನ್ನೊಂದು ಪಿಕ್ಚರಿಗೆ ಕೂಗಿದರೆ ಆಮೇಲೆ ಜೀವಮಾನವಿಡೀ ಕೈಸನ್ನೆಯೇ ಗತಿ ಎಂದು ತಾಕೀತು ಮಾಡಿ ಕಳಿಸಿದ್ದರು. ಈಗ ಅವನ ಬಾಯಿಂದ ಹೊರಡುತ್ತಿದ್ದದ್ದು ಮರಕ್ಕೆ ಉಪ್ಪುಕಾಗದ ಉಜ್ಜಿದಂಥ ಒಂದು ಸದ್ದು. ಎದುರಿಗೆ ಕೂತವರು ಮುಂದಕ್ಕೆ ಬಾಗಿ “ಏನಂದ್ರಿ?” ಎನ್ನಬೇಕು. ಹೆಂಡತಿ ಮಾತ್ರ ಸುಖವಾಗಿದ್ದಳು. “ಮದುವೆ ಆದಮೇಲೆ ಮೊದಲನೇ ಸಲ ನಮ್ಮನೇಲಿ ಒಂದು ಗಡಿಯಾರ ಇದೆ ಅಂತ ಗೊತ್ತಾಯ್ತು” ಎಂದು ನೆರೆಮನೆಯವಳಿಗೆ ಹೇಳಿಕೊಂಡು ನಗುತ್ತಿದ್ದಳು.

ಸಿನಿಮಾದಲ್ಲಿ ನಿರ್ದೇಶಕ ಕನಸು ಕಾಣುವವನು. ಆ ಕನಸನ್ನು ಬೆಳಿಗ್ಗೆ ಎಬ್ಬಿಸಿ, ಹಲ್ಲುಜ್ಜಿಸಿ, ಹೊತ್ತಿಗೆ ಸರಿಯಾಗಿ ಬಸ್ಸು ಹತ್ತಿಸುವವನು ಮೊದಲ ಸಹಾಯಕ ನಿರ್ದೇಶಕ. ಯಾವ ದೃಶ್ಯ ಯಾವತ್ತು, ಯಾರು ಎಲ್ಲಿ ನಿಲ್ಲಬೇಕು, ಮೋಡ ಬಂದರೆ ಏನು ಗತಿ, ನಾಯಕ ಮುನಿಸಿಕೊಂಡರೆ ಯಾರು ಕಾಲು ಹಿಡಿಯಬೇಕು ಎಲ್ಲ ಅವನ ತಲೆಯಲ್ಲಿ. ಇದೆಲ್ಲದರ ಮೇಲೆ, ಕ್ಯಾಮರಾ ಓಡುವ ಮೊದಲು ನೂರು ಬಾಯಿಗಳನ್ನು ಮುಚ್ಚಿಸುವುದು. ಗುಡುಗಣ್ಣ ಈ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಹೊಸ ಚಿತ್ರದ ಕೆಲಸ ಶುರುವಾಗುವ ಹೊತ್ತಿಗೆ ಹೀಗಾದದ್ದರಿಂದ ನಿರ್ದೇಶಕ ಅವನ ಮುಂದೆ ಕೈಕಟ್ಟಿ ನಿಂತು, “ಅಣ್ಣಾ, ನಿಮ್ಮ ಜಾಗಕ್ಕೆ ಆಳನ್ನ ನೀವೇ ಆರಿಸಿಕೊಡಿ. ನಾನು ಆರಿಸಿದ್ರೆ ಚೆನ್ನಾಗಿ ನಗೋನ್ನ ಆರಿಸ್ತೀನಿ. ಅದು ನನ್ನ ವೀಕ್ನೆಸ್ಸು” ಎಂದು ಹೇಳಿ, ಲೊಕೇಶನ್ ನೋಡಲು ಕ್ಯಾಮರಾದವನ ಜೊತೆ ಹೊರಟುಹೋಗಿದ್ದ.

ಉಮೇದುವಾರರು ಮೂವರು. ಅವರಿಗೆ ಕುರ್ಚಿ ಹಾಕಿದವಳು ಸೆಕೆಂಡಕ್ಕ. ಮೂರು ಕುರ್ಚಿ ಹಾಕಿ, ಧೂಳು ಒರೆಸಿ, ಮೂರನೆಯದರಲ್ಲಿ ತಾನೇ ಕೂತಳು.

ಅವಳು ಗುಡುಗಣ್ಣನ ಕೈಕೆಳಗೆ ಎರಡನೆಯ ಸಹಾಯಕಿಯಾಗಿ ಅಷ್ಟು ವರ್ಷ ದುಡಿದಿದ್ದಳೆಂದರೆ, ಅವಳ ನಿಜವಾದ ಹೆಸರು ಮತದಾರರ ಪಟ್ಟಿಗೂ ಮರೆತುಹೋಗಿತ್ತು. ಲೈಟಿನವರಿಗೆ, ಮೇಕಪ್‌ನವರಿಗೆ, ವ್ಯಾನ್ ಓಡಿಸುವವರಿಗೆ ಎಲ್ಲರಿಗೂ ಅವಳು ಸೆಕೆಂಡಕ್ಕ. ರೈಲು ತುದಿಗಾಲಿನಲ್ಲಿ ನಡೆದ ಆ ಚಿತ್ರದಲ್ಲೇ ಅವಳು ಮೊದಲು ಸೇರಿದ್ದು. ಆಗ ಎರಡು ಜಡೆ ಹಾಕುತ್ತಿದ್ದಳು, ಈಗ ಓದಲು ಕನ್ನಡಕ ಬೇಕು. ಯಾವ ನಟನಿಗೆ ಇವತ್ತು ತಲೆನೋವು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದು ಅವರಿಗೇ ಗೊತ್ತಾಗುವ ಮೊದಲು ಅವಳಿಗೆ ಗೊತ್ತಿರುತ್ತಿತ್ತು. ಗುಡುಗಣ್ಣನ ನಂತರ ಅವಳೇ ಎಂದು ಹೇಳದವರಿಲ್ಲ. ಗುಡುಗಣ್ಣನೇ ಹತ್ತು ಸಲ ಹೇಳಿದ್ದ.

ಆ ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಅವಳು ಒಂದು ಮಾತು ಆಡಿದ್ದಳು. “ಅಣ್ಣ, ನಿಮಗೆ ಹೇಳದೆ ಯಾರಿಗೆ ಹೇಳಲಿ. ಈ ಸಲ ಆಗಲಿಲ್ಲ ಅಂದ್ರೆ ನಾನು ಬಿಟ್ಟುಬಿಡ್ತೀನಿ. ನಮ್ಮಕ್ಕ ಅವಳ ಗುಂಡಿ-ದಾರದ ಅಂಗಡಿಗೆ ಕರೀತಾನೇ ಇದಾಳೆ. ಇನ್ನೊಂದು ಪಿಕ್ಚರಿಗೆ ಸೆಕೆಂಡ್ ಆಗಿ ನಿಂತ್ಕೊಳ್ಳೋಕೆ ಕಾಲು ಬರ್ತಿಲ್ಲ.”

“ಹುಚ್ಚಿ” ಎಂದಿದ್ದ ಗುಡುಗಣ್ಣ ಪ್ರೀತಿಯಿಂದ, ಉಪ್ಪುಕಾಗದದ ಸದ್ದಿನಲ್ಲಿ.

ಪರೀಕ್ಷೆ ಅವನದೇ ಸಂಶೋಧನೆ. ಪ್ರಶ್ನೆ ಕೇಳುವುದು, ಅನುಭವ ವಿಚಾರಿಸುವುದು ಏನಿಲ್ಲ. ಕೆಳಗೆ ಟೈರ್ ಅಂಗಡಿ ಇತ್ತಲ್ಲ, ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ರಿಮ್ಮಿಗೆ ಸುತ್ತಿಗೆ ಬೀಳುತ್ತಿತ್ತು, ಗಾಳಿ ಪಂಪು ಬುಸುಗುಡುತ್ತಿತ್ತು, ಅದರ ಪಕ್ಕದ ವೆಲ್ಡಿಂಗ್ ಶೆಡ್ಡು ಕರಕರ ಎನ್ನುತ್ತಿತ್ತು. ಸತ್ತವರು ಎದ್ದು ಬಂದು ಇನ್ನು ಸಾಕು ಮಾಡ್ರಯ್ಯಾ ಎನ್ನುವಂಥ ಗದ್ದಲ. “ಈ ಬೀದೀನ ಒಂದು ಶಾಟ್ ತೆಗೆಯೋ ಅಷ್ಟು ಹೊತ್ತು ಸುಮ್ಮನಿರಿಸು” ಎನ್ನುವುದೇ ಪರೀಕ್ಷೆ.

ಮೊದಲನೆಯವನು ಸಿನಿಮಾ ಶಾಲೆಯಲ್ಲಿ ಕಲಿತು ಬಂದ ಡಿಪ್ಲೊಮಾ. ಅವನು ಕೆಳಗಿಳಿದು ಟೈರಿನವನಿಗೆ ನಿಶ್ಶಬ್ದದ ಮಹತ್ವ ವಿವರಿಸಿದ. ಟೈರಿನವನು ಕೊನೆಯವರೆಗೂ ಕೇಳಿ, “ಗಾಳಿ ಹಾಕಿಸ್ಬೇಕಾ?” ಅಂದ. ಡಿಪ್ಲೊಮಾ ಮೇಲೆ ಬರಲೇ ಇಲ್ಲ, ಅಲ್ಲಿಂದಲೇ ಮನೆಗೆ ಹೋದ.

ಎರಡನೆಯವನು ಮೈಕಾಸುರ. ಬಾಗಿಲಿನಷ್ಟೇ ಅಗಲವಾದ ಎದೆ, ಅದರೊಳಗೆ ಒಂದು ಲಾರಿ ಹಾರ್ನು. ಕ್ರಿಕೆಟ್ ಪಂದ್ಯಗಳಲ್ಲಿ ಮೈಕು ಕೆಟ್ಟರೆ ಇವನನ್ನು ಕರೆಸುತ್ತಿದ್ದರಂತೆ. ಅವನು ಬಾಲ್ಕನಿಗೆ ಹೋಗಿ, ಸೊಂಟಕ್ಕೆ ಕೈಕೊಟ್ಟು, “ಸೈಲೆನ್ಸ್!” ಎಂದದ್ದೇ ತಡ, ಕಿಟಕಿಯ ಗಾಜು ನಡುಗಿತು. ಬೀದಿ ಗಕ್ಕನೆ ನಿಂತಿತು. ಗುಡುಗಣ್ಣ ತನ್ನ ಹರೆಯ ಬಾಲ್ಕನಿಯಲ್ಲಿ ನಿಂತಿರುವುದನ್ನು ಕಂಡವನಂತೆ ಅರ್ಧ ಎದ್ದ. ಅಷ್ಟರಲ್ಲಿ ಕೆಳಗಿನಿಂದ ಯಾರೋ, “ಯಾವನೋ ಅವನು, ಅಮ್ಮನ ಮನೇಲಿ ಕೂಗು ಹೋಗೋ!” ಎಂದು ತಿರುಗಿ ಕೂಗಿದ. ಸುತ್ತಿಗೆ ಮೊದಲಿಗಿಂತ ಜೋರಾಗಿ ಶುರುವಾಯಿತು.

“ನೋಡಿದ್ರಾ ಅಣ್ಣ, ಒಂದು ಕ್ಷಣ ನಿಂತಿತ್ತು” ಅಂದ ಮೈಕಾಸುರ.

“ನಿಂತಿತ್ತು, ನಿಂತಿತ್ತು” ಎಂದ ಗುಡುಗಣ್ಣ.

ಸೆಕೆಂಡಕ್ಕ ಕನ್ನಡಕ ತೆಗೆದು ಕುರ್ಚಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದಳು. ಸುತ್ತಿಗೆ ಬಡಿಯುತ್ತಿತ್ತು. ಇನ್ನೂ ಬಡಿಯುತ್ತಿತ್ತು. ಗುಡುಗಣ್ಣ ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಕಾದ. ಆಮೇಲೆ ಸುತ್ತಿಗೆ ನಿಂತಿತು. ಪಂಪು ಒಂದು ಸಲ ಸೀನಿ ಸುಮ್ಮನಾಯಿತು. ವೆಲ್ಡಿಂಗಿನ ಕರಕರ ಆರಿತು. ಮಾತುಗಳು ಒಂದೊಂದಾಗಿ ಮಲಗಿದವು. ಫ್ಯಾನಿನ ಒಂದು ರೆಕ್ಕೆ ಪ್ರತಿ ಸುತ್ತಿಗೂ ಸಣ್ಣಗೆ ನರಳುತ್ತದೆ ಎನ್ನುವುದು ಗುಡುಗಣ್ಣನಿಗೆ ಆಗ ಗೊತ್ತಾಯಿತು. ಪಕ್ಕದ ಕೋಣೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನು ಉಗುಳು ನುಂಗಿದ. ಆ ಸದ್ದು ಬಾವಿಯಿಂದ ಒದ್ದೆ ಹಗ್ಗ ಎಳೆದಂತೆ ಅವನಿಗೇ ಕೇಳಿಸಿತು.

“ಏನು, ಕರೆಂಟ್ ಹೋಯ್ತಾ?” ಎಂದ ಮೈಕಾಸುರ, ತಾನೂ ಪಿಸುಮಾತಿನಲ್ಲಿ.

ಆ ಆಫೀಸಿನಲ್ಲಿ ಗುಡುಗಣ್ಣ ಕೂತ ಇಷ್ಟು ವರ್ಷಗಳಲ್ಲಿ, ಗಂಟಲು ಗಂಟೆಯಂತಿದ್ದ ಕಾಲದಲ್ಲೂ, ಆ ಬೀದಿ ಅವನಿಗೆ ಹೀಗೆ ಸುಮ್ಮನಾಗಿರಲಿಲ್ಲ.

ಅವಳು ಮೇಲೆ ಬಂದಾಗ ಅವನು ಕೇಳಿದ, “ಏನು ಹೇಳಿದೆ ಅವರಿಗೆ?”

“ಏನಿಲ್ಲ ಅಣ್ಣ. ಟೀ ಯಾವಾಗ ಕುಡೀತೀರಾ ಅಂದೆ. ಇನ್ನು ಸ್ವಲ್ಪ ಹೊತ್ತಿಗೆ ಅಂದ್ರು. ಈಗಲೇ ಕುಡೀರಿ ಅಂದೆ.” ಅವಳು ನಕ್ಕು ಕನ್ನಡಕ ಹಾಕಿಕೊಂಡಳು. ಉಳಿದದ್ದೆಲ್ಲ ಗೊತ್ತಿರುವುದೇ ಎನ್ನುವಂತೆ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸತೊಡಗಿದಳು.

ಸಂಜೆ ನಿರ್ದೇಶಕ ಬೂಟಿನ ತುಂಬ ಧೂಳು ಹೊತ್ತು ವಾಪಸಾದ. ಲೊಕೇಶನ್ ಸಿಕ್ಕ ಖುಷಿ. “ಏನಣ್ಣ, ನಮ್ಮ ಸೆಕೆಂಡಕ್ಕಂಗೆ ಬಡ್ತಿ ತಾನೇ?”

ಗುಡುಗಣ್ಣ ಮಫ್ಲರ್ ಸರಿಮಾಡಿಕೊಂಡ. ಬಾಯಿ ತೆರೆದಾಗ ತಾನು ಹೇಳಲಿರುವುದು ಅವನಿಗೂ ಪೂರ್ತಿ ಗೊತ್ತಿರಲಿಲ್ಲ. “ಅವಳು ಬೇಡ ಅಂದ್ಲು. ತಾಯಿಗೆ ಹುಷಾರಿಲ್ಲವಂತೆ. ಅಷ್ಟು ಜವಾಬ್ದಾರಿ ಈಗ ಆಗಲ್ಲ ಅಂದ್ಲು.”

“ಛೆ” ಎಂದ ನಿರ್ದೇಶಕ. ಅವನಿಗೆ ನಿಜವಾಗಿ ಬೇಜಾರಾಗಿತ್ತು. “ಮತ್ತೆ?”

“ಇನ್ನೊಬ್ಬ ಇದಾನೆ. ಒಳ್ಳೇ ಗಂಟಲು.”

ಮರುದಿನ ಅವಳಿಗೆ ಹೇಳುವಾಗ ಮಾತು ಇನ್ನೂ ಸಲೀಸಾಗಿ ಬಂತು. ಡೈರೆಕ್ಟರಿಗೆ ಗಂಟಲಿರೋ ಗಂಡಾಳೇ ಬೇಕಂತೆ, ನಾನು ಎಷ್ಟು ಹೇಳಿದರೂ ಕೇಳಲಿಲ್ಲ ಎಂದ. ಅವಳು ಒಂದು ಹಗ್ಗದ ಸುರುಳಿಯನ್ನು ಮೊಣಕೈಗೆ ಸುತ್ತುತ್ತಿದ್ದಳು. ಸುತ್ತಿ ಮುಗಿಸಿ, ಗಂಟು ಹಾಕಿ, ಮೊಳೆಗೆ ತೂಗುಹಾಕಿದಳು.

“ಸರಿ ಅಣ್ಣ. ಫ್ಯಾಕ್ಟರಿ ಸೀನುಗಳು ಮುಗಿಯೋವರೆಗೂ ಇರ್ತೀನಿ. ಆರ್ಟಿಸ್ಟುಗಳಿಗೆ ನಾನೇ ಡೇಟು ಹೇಳಿದೀನಿ, ಮಧ್ಯ ಬಿಟ್ಟು ಹೋಗಬಾರದು. ಆಮೇಲೆ ಅಕ್ಕನ ಹತ್ರ.” ಹೊರಡುವ ಮೊದಲು ತಿರುಗಿ, “ನೀವು ಹೇಳಿದ್ರಲ್ಲ, ಅಷ್ಟೇ ಸಾಕು” ಎಂದಳು.

ಮನೆಯಲ್ಲಿ ಹೆಂಡತಿ ವಿಚಾರಿಸಿದಾಗಲೂ ಅವನು ಇದನ್ನೇ ಒಪ್ಪಿಸಿದ. ಅವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿ ಅವನನ್ನೇ ನೋಡಿದಳು.

“ಇದರಲ್ಲಿ ಪ್ರಾಣಿನೇ ಇಲ್ವಲ್ಲ?”

“ಯಾವ ಪ್ರಾಣಿ?”

“ನಿನ್ನ ಕಥೇಲಿ ಯಾವಾಗಲೂ ಒಂದು ಕಾಗೆನೋ ಕತ್ತೆನೋ ಬರುತ್ತೆ. ಡೈರೆಕ್ಟರ್ ಬೇಡ ಅಂದಾಗ ಹಲ್ಲಿ ಲೊಚಗುಟ್ಟಿತು, ನಾಯಿ ಅತ್ತಿತು, ಏನಾದರೂ. ಇದರಲ್ಲಿ ಯಾರೂ ಇಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಗುಡುಗಣ್ಣ ಮಫ್ಲರು ಮುಟ್ಟಿ ನೋಡಿಕೊಂಡ. ಅವನು ಈವರೆಗೆ ಹೇಳಿದ ಸುಳ್ಳುಗಳಿಗೆಲ್ಲ ಬಾಲ, ಕೊಂಬು, ರೆಕ್ಕೆ ಇದ್ದವು. ದೂರದಿಂದಲೇ ಗುರುತು ಸಿಗುತ್ತಿದ್ದವು, ಯಾರನ್ನೂ ಕಚ್ಚುತ್ತಿರಲಿಲ್ಲ. ಇದು ಬೋಳು ಸುಳ್ಳು. ಆ ರಾತ್ರಿ ಗಡಿಯಾರದ ಸದ್ದು ಅವನಿಗೂ ಕೇಳಿಸಿತು. ಗಂಟಲು ಹೋದದ್ದನ್ನು ಅವನು ಹೇಗೋ ಸಹಿಸಿಕೊಂಡಿದ್ದ. ಮುದುಕರಿಗೆ ಹಲ್ಲು ಹೋಗುತ್ತದೆ, ಕೂಗುವವರಿಗೆ ಗಂಟಲು ಹೋಗುತ್ತದೆ. ಆದರೆ ಅದು ಇದ್ದಾಗಲೂ ಬೇಕಾಗಿರಲಿಲ್ಲ ಎಂದರೆ?

ಶೂಟಿಂಗ್ ನಡೆದದ್ದು ಮುಚ್ಚಿಹೋದ ಒಂದು ಬಿಸ್ಕೆಟ್ ಕಾರ್ಖಾನೆಯಲ್ಲಿ. ಒಲೆಗಳು ಆರಿ ಎಷ್ಟೋ ಕಾಲವಾಗಿದ್ದರೂ ಗೋಡೆಗಳಿಂದ ಇನ್ನೂ ವೆನಿಲ್ಲಾ ವಾಸನೆ ಬರುತ್ತಿತ್ತು. ಎತ್ತರದ ತಗಡಿನ ಚಾವಣಿ, ಕೆಳಗೆ ಬಿಸ್ಕೆಟ್ಟುಗಳು ಸಾಲಾಗಿ ಬರುತ್ತಿದ್ದ ಉದ್ದನೆಯ ರಬ್ಬರ್ ಪಟ್ಟಿ, ತೊಲೆಗಳ ತುಂಬ ಪಾರಿವಾಳಗಳು. ಗುಡುಗಣ್ಣನಿಗೆ ‘ಸಲಹೆಗಾರ’ ಎಂಬ ಹೊಸ ಪದವಿ, ಒಂದು ಮಡಚುವ ಕುರ್ಚಿ, ಒಂದು ಫ್ಲಾಸ್ಕ್ ಬಿಸಿನೀರು ಕೊಟ್ಟಿದ್ದರು. ಸಲಹೆ ಯಾರೂ ಕೇಳಲಿಲ್ಲ. ಕೇಳಿದರೂ ಅವನ ಉತ್ತರ ಅವರಿಗೆ ಮುಟ್ಟುತ್ತಿರಲಿಲ್ಲ.

ಪಕ್ಕದಲ್ಲಿ ಧ್ವನಿಗ್ರಾಹಕ ಕಿವಿಯಪ್ಪನ ಮೇಜು. ಇಬ್ಬರೂ ಹಳೆಯ ವೈರಿಗಳು, ಅಂದರೆ ಹಳೆಯ ಸ್ನೇಹಿತರು. “ನಿನ್ನ ಗಂಟಲಿನಿಂದ ನನ್ನ ಒಂದು ಕಿವಿ ಮೊದಲೇ ಹೋಗಿದೆ, ಇನ್ನೊಂದನ್ನ ಸಂಸಾರಕ್ಕೆ ಇಟ್ಟುಕೊಂಡಿದೀನಿ” ಎಂದು ಕಿವಿಯಪ್ಪ ಮೊದಲ ದಿನವೇ ಎಚ್ಚರಿಸಿದ್ದ. ಅವನ ಹೆಡ್‌ಫೋನಿನ ಇನ್ನೊಂದು ಜೋಡಿ ಸದಾ ನಿರ್ದೇಶಕನ ಕಿವಿಯ ಮೇಲಿರುತ್ತಿತ್ತು.

ಮೈಕಾಸುರ “ಸೈಲೆನ್ಸ್!” ಎಂದು ಕೂಗಿದ. ಜನ ಸುಮ್ಮನಾದರು. ತೊಲೆಯ ಮೇಲಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಲೋಕದ ಚಪ್ಪಾಳೆಯನ್ನೆಲ್ಲ ಒಂದೇ ಕೋಣೆಯಲ್ಲಿ ತಟ್ಟಿದಂತೆ ರೆಕ್ಕೆಯ ಸದ್ದು. ಅವು ಕೂರುವವರೆಗೆ ಎಲ್ಲರೂ ಕಾದರು. ಕೂತವು. ಮೈಕಾಸುರ ಮತ್ತೆ “ಸೈಲೆನ್ಸ್!” ಎಂದ. ಮತ್ತೆ ಹಾರಿದವು. ಕ್ಯಾಮರಾದವನು ಹಣೆ ಚಚ್ಚಿಕೊಂಡ. ಇಡೀ ಬೆಳಗು ಹೀಗೇ ಕಳೆಯಿತು. ಮೈಕಾಸುರ ಕೆಟ್ಟವನಲ್ಲ, ಬೆವರಿ ತೊಪ್ಪೆಯಾಗಿ, “ಇವಕ್ಕೆ ಏನ್ ರೋಗ ಬಂದಿದೆ?” ಎಂದು ಅಳುವವನಂತಾಗಿದ್ದ. ಮೊದಲ ಸಲ ಪಾರಿವಾಳ ಹಾರಿದಾಗ ಗುಡುಗಣ್ಣ ಒಳಗೊಳಗೇ ನಕ್ಕ. ಎರಡನೆಯ ಸಲ ನಗು ಅರ್ಧಕ್ಕೆ ನಿಂತಿತು. ಆಮೇಲೆ ಅವನು ಮೇಲೆ ನೋಡುವುದನ್ನೇ ಬಿಟ್ಟ.

ಸೆಕೆಂಡಕ್ಕ ದೂರದಲ್ಲಿ, ಕಾರ್ಮಿಕರ ಪಾತ್ರದವರ ಟೊಪ್ಪಿಗಳನ್ನು ಸರಿಮಾಡುತ್ತಿದ್ದಳು. ತನ್ನ ಕೆಲಸವಲ್ಲದ್ದಕ್ಕೆ ಕೈ ಹಾಕಲಿಲ್ಲ, ತುಟಿಯ ಮೇಲೆ ಕೊಂಕು ನಗೆಯೂ ಇಲ್ಲ. ಇದ್ದಿದ್ದರೆ ಗುಡುಗಣ್ಣನಿಗೆ ಎಷ್ಟೋ ಹಗುರಾಗುತ್ತಿತ್ತು.

ಊಟದ ಹೊತ್ತಿನಲ್ಲಿ ಎಲ್ಲರೂ ಆ ರಬ್ಬರ್ ಪಟ್ಟಿಯ ಎರಡೂ ಬದಿಗೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ನಿರ್ದೇಶಕ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ಸೆಕೆಂಡಕ್ಕನ ಎದುರು ಬಂದು ಕೂತ.

“ಅಕ್ಕ, ಕೇಳೋಣ ಅಂತ ಇದ್ದೆ. ಅಮ್ಮನಿಗೆ ಈಗ ಹೇಗಿದೆ?”

ಅವಳು ತಲೆ ಎತ್ತಿದಳು.

“ಅಣ್ಣ ಎಲ್ಲ ಹೇಳಿದ್ರು. ನೀವೇ ಬೇಡ ಅಂದ್ರಂತೆ. ನನಗೆ ತುಂಬಾ ಆಸೆ ಇತ್ತು ನೀವೇ ಆಗಲಿ ಅಂತ. ಆದರೂ ತಾಯಿಗಿಂತ ಯಾವುದು ಹೆಚ್ಚು, ಹೇಳಿ.”

ಗುಡುಗಣ್ಣನ ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ಉರುಳಿಹೋಯಿತು. ಸೆಕೆಂಡಕ್ಕ ನಿರ್ದೇಶಕನನ್ನು ನೋಡಿದಳು. ಆಮೇಲೆ ಸಾವಕಾಶವಾಗಿ ಗುಡುಗಣ್ಣನನ್ನು ನೋಡಿದಳು. ಅಷ್ಟು ಹೊತ್ತಿನಲ್ಲಿ ಅವಳಿಗೆ ಎಲ್ಲವೂ ಅರ್ಥವಾಯಿತು ಎಂಬುದು ಅವನಿಗೆ ಅರ್ಥವಾಯಿತು.

“ಹಾಗೇ ಇದಾರೆ ಸಾರ್” ಎಂದಳು. “ಏನೂ ಬದಲಾವಣೆ ಇಲ್ಲ.”

ಅವಳ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಬೇರೊಬ್ಬ ನಿರ್ದೇಶಕನ ಚಿತ್ರದ ಶೂಟಿಂಗ್ ನಡೆಯುತ್ತಿದ್ದಾಗಲೇ ಸುದ್ದಿ ಬಂದಿತ್ತು. ಅವಳನ್ನು ವ್ಯಾನಿನಲ್ಲಿ ಕೂರಿಸಿದ್ದು ಗುಡುಗಣ್ಣನೇ. ವ್ಯಾನು ಹೊರಟ ಮೇಲೆ ಅವನು ತಿರುಗಿ ನಿಂತು, ಜೀವಮಾನದಲ್ಲಿ ಒಂದೇ ಸಲ, ಕ್ಯಾಮರಾ ಇಲ್ಲದೆ “ಸೈಲೆನ್ಸ್” ಎಂದಿದ್ದ. ಇಡೀ ಸೆಟ್ಟು ತಲೆ ತಗ್ಗಿಸಿ ನಿಂತಿತ್ತು. ಇದಕ್ಕೆ ಯಾವ ಬಾಲವನ್ನೂ ಕೊಂಬನ್ನೂ ಅಂಟಿಸದೆ, ಯಾರಿಗೂ ಹೇಳಿಕೊಳ್ಳದೆ ಅವನು ಇಟ್ಟುಕೊಂಡಿದ್ದ. ಆದರೂ ಆ ಸಂಜೆ ನೆಪ ಬೇಕಾದಾಗ ಬಾಯಿಗೆ ಬಂದದ್ದು, ಸೆಟ್ಟುಗಳಲ್ಲಿ ಎಲ್ಲರೂ ರಜೆಗೆ ಬಳಸುವ ಅದೇ ಸವಕಲು ತಾಯಿ. ಯಾರ ತಾಯಿ ಎಂದು ಅವನ ನಾಲಿಗೆ ಒಂದು ಕ್ಷಣ ಯೋಚಿಸಿರಲಿಲ್ಲ.

ನಿರ್ದೇಶಕ “ದೇವರು ದೊಡ್ಡವನು” ಎಂದು ಅವಳ ಭುಜ ತಟ್ಟಿ ಎದ್ದುಹೋದ. ಅವಳು ಉಳಿದ ಊಟವನ್ನು ಪೂರ್ತಿ ಮಾಡಿ ತಟ್ಟೆ ತೊಳೆಯಲು ನಡೆದಳು.

ಮಧ್ಯಾಹ್ನವೆಲ್ಲ ಗುಡುಗಣ್ಣ ಅವಳ ಹಿಂದೆ ಅಲೆದ. ಅವಳು ಎಲ್ಲಿ ನಿಂತರೂ ನಾಲ್ಕು ಜನ ಸುತ್ತಲಿರುತ್ತಿದ್ದರು. ಅವನ ಈ ಗಂಟಲು ಯಾವ ಗದ್ದಲವನ್ನೂ ದಾಟುವಂಥದ್ದಲ್ಲ. ಎರಡು ಸಲ “ಮರೀ” ಎಂದ. ಅದು ಅವಳ ಬೆನ್ನಿನವರೆಗೂ ತಲುಪಲಿಲ್ಲ.

ಹೊತ್ತು ಇಳಿಯುವಾಗ, ಪಾರಿವಾಳಗಳ ಕೃಪೆಯಿಂದ, ಕೊನೆಯ ಶಾಟ್ ಮುಗಿಯಿತು. ಇನ್ನು ಉಳಿದದ್ದು ರೂಮ್ ಟೋನ್. ಪ್ರತಿ ಜಾಗಕ್ಕೂ ಅದರದೇ ಒಂದು ಮೌನ ಇರುತ್ತದೆ. ಕಾರ್ಖಾನೆಯ ಮೌನ ಬೇರೆ, ಮನೆಯ ಮೌನ ಬೇರೆ. ಮಾತಿನ ನಡುವಿನ ಸಂದುಗಳನ್ನು ತುಂಬಲು ಆ ಖಾಲಿ ಸದ್ದು ಬೇಕಾಗುತ್ತದೆ. ಅದಕ್ಕಾಗಿ ಎಲ್ಲರೂ ಇದ್ದಲ್ಲೇ ಕಲ್ಲಾಗಿ ನಿಲ್ಲಬೇಕು, ಕಿವಿಯಪ್ಪ ಸಾಕು ಎನ್ನುವವರೆಗೆ. ಬೆಳಗಿನ ಪಾಠ ಕಲಿತ ಮೈಕಾಸುರ ಈ ಸಲ ಕೂಗದೆ ಕೈಯಾಡಿಸಿದ. ಎಲ್ಲರೂ ನಿಂತರು. ಗುಡುಗಣ್ಣ ನಿಂತದ್ದು ರಬ್ಬರ್ ಪಟ್ಟಿಯ ಪಕ್ಕ, ಸೆಕೆಂಡಕ್ಕನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಅವರಿಬ್ಬರ ತಲೆಯ ಮೇಲೆ, ಉದ್ದನೆಯ ಕೋಲಿನ ತುದಿಯಲ್ಲಿ, ಕಿವಿಯಪ್ಪನ ಮೈಕು ತೂಗುತ್ತಿತ್ತು.

ಮೌನ ಇಳಿಯಿತು. ತಗಡು ಆರುತ್ತ ಟಿಕ್ ಟಿಕ್ ಎಂದಿತು. ತೊಲೆಯ ಮೇಲೆ ಪಾರಿವಾಳವೊಂದು ಗಂಟಲಲ್ಲೇ ಗುಟುರುಹಾಕಿತು.

ಅಷ್ಟು ದಿನಗಳಿಂದ ಯಾರಿಗೂ ಕೇಳಿಸದೆ ಮಾತಾಡಿ ಅವನಿಗೆ ಅಭ್ಯಾಸವಾಗಿಹೋಗಿತ್ತು. ತನ್ನದು ಸದ್ದೇ ಅಲ್ಲ ಎಂದು ಅವನು ತಿಳಿದುಬಿಟ್ಟಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಜೀವಮಾನವೆಲ್ಲ ಮೌನ ಕಾದವನು ಬಾಯಿ ತೆರೆದ.

“ಮರೀ, ಡೈರೆಕ್ಟರು ನಿನ್ನ ಬೇಡ ಅನ್ನಲಿಲ್ಲ. ಅವನು ನಿನ್ನನ್ನೇ ಕೇಳಿದ.”

ಅವಳು ಅಲುಗಾಡಲಿಲ್ಲ.

“ನಾನೇ ಎರಡೂ ಕಡೆ ಸುಳ್ಳು ಹೇಳಿದೆ. ಅವತ್ತು ಬೀದಿ ಸುಮ್ಮನಾಯ್ತಲ್ಲ, ನನಗೆ ಭಯ ಆಯ್ತು ಕಣೇ. ನೀನು ಕೂಗಿ ಸ್ವಲ್ಪ ಸೋತಿದ್ರೆ, ನಿಂಗೇ ಕೊಡ್ತಿದ್ದೆ. ನೀನು ಕೂಗಲೇ ಇಲ್ಲ. ಹಾಗಾದ್ರೆ ನಾನು ಇಷ್ಟು ದಿನ ಯಾಕೆ ಕೂಗಿದ್ದು?” ಉಪ್ಪುಕಾಗದ ಮರಕ್ಕೆ ಉಜ್ಜುತ್ತಲೇ ಇತ್ತು. “ಅಮ್ಮನ ಹೆಸರು ಹೇಳಬಾರದಿತ್ತು. ಅದು ಹೇಗೆ ಬಾಯಿಗೆ ಬಂತೋ. ಅಮ್ಮನ್ನ ನಾನು ಮರೆತಿಲ್ಲ. ನಿಂಗೆ ಗೊತ್ತು, ಮರೆತಿಲ್ಲ.”

ಸೆಕೆಂಡಕ್ಕ ಎದುರಿನ ಗೋಡೆಯನ್ನೇ ನೋಡುತ್ತ ನಿಂತಿದ್ದಳು. ರೂಮ್ ಟೋನಿನಲ್ಲಿ ಯಾರೂ ಮಾತಾಡಬಾರದು. ಅವಳ ಕಣ್ಣಿನಿಂದ ಇಳಿದದ್ದಕ್ಕೆ ಸದ್ದಿರಲಿಲ್ಲ.

ಕಿವಿಯಪ್ಪ ಯಂತ್ರದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ. ರೆಕಾರ್ಡಿಂಗ್ ನಿಲ್ಲಿಸುವ ಗುಂಡಿಯನ್ನು ಒತ್ತದೆ, ತಲೆ ತಗ್ಗಿಸಿ, ಉಳಿದ ಒಂದು ಕಿವಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಎಲ್ಲರಿಗೂ ಕೇಳುವಂತೆ, “ಕಟ್. ಇದು ಉಪಯೋಗಕ್ಕೆ ಬರಲ್ಲ” ಎಂದ. ಗುಡುಗಣ್ಣ ತಿರುಗಿ ನೋಡಿದಾಗ ನಿರ್ದೇಶಕ ಹೆಡ್‌ಫೋನನ್ನು ಎರಡೂ ಕೈಯಿಂದ, ಬಿಸಿ ಪಾತ್ರೆ ಇಳಿಸುವವನಂತೆ, ಕಿವಿಯಿಂದ ಇಳಿಸುತ್ತಿದ್ದ. ಗುಡುಗಣ್ಣನ ದೃಷ್ಟಿ ಅಲ್ಲಿಂದ ಮೈಕಿನ ವೈರು ಹಿಡಿದು ಮೇಲೆ ಏರಿ, ತನ್ನ ತಲೆಯ ಮೇಲೆ ಬಂದು ನಿಂತಿತು.

ಯಾರೂ ಮಾತಾಡಲಿಲ್ಲ. ಯಾರೂ ಸೈಲೆನ್ಸ್ ಎಂದಿರಲಿಲ್ಲ.

“ಅಣ್ಣಾ” ಎಂದ ನಿರ್ದೇಶಕ ಕೊನೆಗೆ. ಬೈಯಲು ಹೊರಟವನಿಗೆ ಬೈಗುಳ ಸಿಗಲಿಲ್ಲವೋ ಏನೋ. “ರೈಲು? ರೈಲೂ ಹೀಗೇನಾ?”

ಗುಡುಗಣ್ಣ ಮಫ್ಲರನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. “ರೈಲೇ ಇರಲಿಲ್ಲ. ಅವತ್ತು ಭಾನುವಾರ. ಭಾನುವಾರ ಆ ಹಳಿ ಮೇಲೆ ಏನೂ ಬರಲ್ಲ. ಆ ಸೀನನ್ನ ಭಾನುವಾರಕ್ಕೆ ಹಾಕೋಣ ಅಂದಿದ್ದು ಇವಳು. ಬಂದು ವಾರ ಕೂಡ ಆಗಿರಲಿಲ್ಲ.”

“ಮತ್ತೆ ಕಾಗೆ?” ಎಂದ ಮೈಕಾಸುರ. ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

ಗುಡುಗಣ್ಣ ಯೋಚಿಸಿದ. “ಕಾಗೆ ಇತ್ತು. ಗೋಡೆ ಮೇಲೆ ಕೂತಿತ್ತು.”

ನಿರ್ದೇಶಕ ಸೆಕೆಂಡಕ್ಕನ ಮುಂದೆ ಬಂದು ನಿಂತ. ಬಿಸಿಲಿನಲ್ಲಿ ನಿಲ್ಲಿಸಿದ ತಪ್ಪಿತಸ್ಥನಂತೆ ಕಾಣುತ್ತಿದ್ದ. “ನಾಳೆಯಿಂದ ನೀವೇ ಮಾಡಿ. ಮೈಕಾಸುರನಿಗೂ ಬೇರೆ ಒಂದು ಕೆಲಸ ಕೊಡೋಣ, ಅನ್ಯಾಯ ಆಗೋದು ಬೇಡ.”

ಅವಳು ಸೆರಗಿನಿಂದ ಕನ್ನಡಕ ಒರೆಸಿದಳು. “ಅಕ್ಕ ಅಂಗಡಿ ಬೋರ್ಡಿಗೆ ನನ್ನ ಹೆಸರೂ ಸೇರಿಸಿ ಬರೆಸಿಬಿಟ್ಟಿದಾಳೆ ಸಾರ್. ಮೊನ್ನೆ ಹೋಗಿ ನೋಡಿ ಬಂದೆ. ಬಣ್ಣ ಒಣಗಿದೆ.”

“ಬೋರ್ಡು ಅಳಿಸಿದ್ರೆ ಆಗಲ್ವಾ?”

“ಆಗಲ್ಲ ಸಾರ್.” ಅದನ್ನು ಅವಳು ಮೆಲ್ಲಗೆ, ಮಕ್ಕಳಿಗೆ ಹೇಳುವಂತೆ ಹೇಳಿದಳು. “ಇಲ್ಲಿ ಉಳಿದಿರೋದನ್ನ ಮುಗಿಸಿಕೊಟ್ಟೇ ಹೋಗ್ತೀನಿ.”

ಗುಡುಗಣ್ಣ ಏನೋ ಹೇಳಲು ಹೋದ. ಆ ಗಂಟಲಿಗೆ ಇದ್ದಷ್ಟು ಸದ್ದು ಆಗಲೇ ಖರ್ಚಾಗಿತ್ತು. ತುಟಿ ಮಾತ್ರ ಅಲುಗಿತು. ಅವಳು ಅವನ ಕೈಯಿಂದ ಮಫ್ಲರು ತೆಗೆದುಕೊಂಡು ಅವನ ಕುತ್ತಿಗೆಗೆ ಸುತ್ತಿದಳು. ಮುಖ ನೋಡಲಿಲ್ಲ. “ಧೂಳಿದೆ ಅಣ್ಣ” ಎಂದಳು.

“ರೂಮ್ ಟೋನ್ ಬಾಕಿ ಇದೆ” ಎಂದ ಕಿವಿಯಪ್ಪ.

ಮೈಕಾಸುರ ಬಾಯಿಗೆ ಅಂಗೈ ಹಿಡಿದು ಎದೆಯುಬ್ಬಿಸಿದ, ಚಾವಣಿಯನ್ನು ನೋಡಿದ, ಕೈ ಇಳಿಸಿದ. ಆಮೇಲೆ ಅವನೂ ಉಳಿದವರಂತೆ ಸೆಕೆಂಡಕ್ಕನ ಕಡೆಗೆ ತಿರುಗಿದ.

ಅವಳು ಬಲಗೈಯನ್ನು ಮೇಲಕ್ಕೆತ್ತಿ ಹಿಡಿದಳು, ಅಷ್ಟೇ. ಲೈಟಿನವನು ವೈರು ಸುತ್ತುವುದನ್ನು ನಿಲ್ಲಿಸಿದ. ಬಾಗಿಲ ಬಳಿ ಯಾರೋ ಎತ್ತಿದ ಕಾಲನ್ನು ಸದ್ದಾಗದಂತೆ ಕೆಳಗಿಟ್ಟ. ತೊಲೆಯ ಮೇಲೆ ಪಾರಿವಾಳಗಳು ಒಂದಕ್ಕೊಂದು ಒತ್ತಿಕೊಂಡು ಕತ್ತು ಒಳಗೆಳೆದುಕೊಂಡವು. ಗುಡುಗಣ್ಣ ಮಫ್ಲರನ್ನು ಬಾಯಿಯ ಮೇಲೆ ಎಳೆದುಕೊಂಡು, ಅದರ ಮೇಲೆ ಎರಡೂ ಅಂಗೈ ಒತ್ತಿ ನಿಂತ. ಕಿವಿಯಪ್ಪ ಕಣ್ಣು ಮುಚ್ಚಿದ. ಕಿಟಕಿಯಿಂದ ಬಂದ ಇಳಿಬಿಸಿಲಿನಲ್ಲಿ ಹಿಟ್ಟಿನಂಥ ಧೂಳು ತೇಲುತ್ತಿತ್ತು. ಅವಳ ಕೈ ಇನ್ನೂ ಇಳಿದಿರಲಿಲ್ಲ.